ಪಂಪಣ್ಣ ಪ್ರಕೃತಿಯಾದದ್ದು

ಏನೂ ಮಾಡದೆ ಸುಮ್ಮನಿರಬೇಕೆಂದು ಮೇಲಿನವರಿಂದ ಲಿಖಿತ ಆದೇಶ ಪಡೆದ ನೌಕರ ಲೋಕದಲ್ಲಿ ಬಹುಶಃ ಪಂಪಣ್ಣನೊಬ್ಬನೇ. ಉಳಿದವರು ಅದೇ ಕೆಲಸವನ್ನು ಯಾವ ಆದೇಶವೂ ಇಲ್ಲದೆ, ಸ್ವಂತ ಹುಮ್ಮಸ್ಸಿನಿಂದಲೇ ಮಾಡಿಕೊಂಡು ಬಂದಿದ್ದಾರೆ.

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಬೀದಿಗೆಲ್ಲ ಅವನು ಪಂಪಣ್ಣ. ಬೀದಿ ಮುಗಿಯುವಲ್ಲಿ ಒಂದು ದೊಡ್ಡ ತಗ್ಗು; ತಗ್ಗಿನಾಚೆ ಏರಿಯ ಮೇಲೆ ಕಾಲುವೆ. ಕಾಲುವೆಯ ನೀರು ನೆಲದೊಳಗಿಂದ ಜಿನುಗಿ ತಗ್ಗಿಗೆ ಇಳಿಯುತ್ತಿತ್ತು. ಅದನ್ನು ಪಂಪು ಎತ್ತಿ ಮತ್ತೆ ಕಾಲುವೆಗೇ ಸುರಿಯುತ್ತಿತ್ತು. ಅದು ಮತ್ತೆ ಜಿನುಗಿ ಇಳಿಯುತ್ತಿತ್ತು. ಇದನ್ನು ನೀರಿನ ಇಲಾಖೆಯವರು 'ನಿರ್ವಹಣೆ' ಎಂದು ಕರೆಯುತ್ತಿದ್ದರು.

ಪಂಪಿಗೊಂದು ಕೋಣೆ. ಅದೇ ಗೋಡೆಗೆ ಅಂಟಿಕೊಂಡು ಇನ್ನೊಂದು ಕೋಣೆ, ಅದರಲ್ಲಿ ಇಪ್ಪತ್ತಾರು ವರ್ಷಗಳಿಂದ ಪಂಪಣ್ಣ. ಪಂಪು ಹಗಲೂ ರಾತ್ರಿ ಡುಗುಡುಗು ಎನ್ನುತ್ತಿತ್ತು. ನಡುನಡುವೆ ಗಂಟಲು ಸರಿಮಾಡಿಕೊಳ್ಳುವಂತೆ ಒಮ್ಮೆ ಕೆಮ್ಮುತ್ತಿತ್ತು. ಲೋಟದಲ್ಲಿನ ನೀರು ಸದಾ ನಡುಗುತ್ತಿತ್ತು. ಗೂಡಿನಲ್ಲಿಟ್ಟ ತಟ್ಟೆಗಳು ತಮ್ಮಷ್ಟಕ್ಕೆ ತಾವೇ ಸರಿದು ಅಂಚಿಗೆ ಬರುತ್ತಿದ್ದವು. ಪಂಪಣ್ಣ ದಿನಕ್ಕೊಮ್ಮೆ ಅವನ್ನು ಹಿಂದಕ್ಕೆ ತಳ್ಳುತ್ತಿದ್ದ. ಒಮ್ಮೆ ಮದುವೆಯ ಮಾತೂ ಬಂದಿತ್ತು. ಮಾತಾಡಲು ಬಂದವರು ಏನು ಕೇಳಿದರೋ, ಆ ಸದ್ದಿನಲ್ಲಿ ಇವನು ಏನು ಕೇಳಿಸಿಕೊಂಡನೋ, ಎಲ್ಲದಕ್ಕೂ "ಹೌದು ಹೌದು" ಎಂದ. ಅವರು ಮುಖ ಮುಖ ನೋಡಿಕೊಂಡು ಎದ್ದು ಹೋದರು. ತಾನು ಯಾವುದಕ್ಕೆ ಹೌದು ಎಂದೆ ಎಂಬುದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಅವನಿಗಿದ್ದ ಬಳಗವೆಂದರೆ ಒಬ್ಬಳೇ ಅಕ್ಕ. ದೂರದ ಊರಿನಲ್ಲಿ, ಮೂರನೇ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ, ಗಂಡ ತೀರಿಕೊಂಡ ಮೇಲೆ ಅವಳೂ ಒಬ್ಬಳೇ. ಪ್ರತಿ ಭಾನುವಾರ ಸಂಜೆ ಫೋನು ಮಾಡುತ್ತಿದ್ದಳು.

"ಏನೋ, ಹೇಗಿದ್ದೀಯೋ?"

"ಕೇಳಿಸ್ತಿಲ್ಲ ಕಣಕ್ಕಾ, ಜೋರಾಗಿ ಹೇಳು!"

"ಜೋರಾಗೇ ಹೇಳ್ತಿದೀನಲ್ಲೋ! ಮೊದಲು ಆ ದರಿದ್ರ ಪಂಪು ನಿಲ್ಸು!"

"ನಿಲ್ಸಿದ್ರೆ ಕೆಲಸ ಹೋಗುತ್ತೆ!"

"ಏನು ಹೋಗುತ್ತೆ?"

ಹೀಗೆ ಅರ್ಧ ಗಂಟೆ ಸಾಗುತ್ತಿತ್ತು. ಇಬ್ಬರ ಗಂಟಲೂ ಕಟ್ಟಿದ ಮೇಲೆ, ಎಷ್ಟೊಂದು ಮಾತಾಡಿದೆವಲ್ಲ ಎಂಬ ತೃಪ್ತಿಯಲ್ಲಿ ಫೋನು ಇಡುತ್ತಿದ್ದರು.

ಇಂಥ ತುಂಬು ಸಂಸಾರದ ಮಧ್ಯೆ ಒಂದು ಬೆಳಿಗ್ಗೆ ಹಕ್ಕಿ ಮೇಡಂ ಬಂದಳು. ಅರಣ್ಯ ಇಲಾಖೆಯಲ್ಲಿ ನೀರುಹಕ್ಕಿಗಳ ವಿಭಾಗ ಅವಳದು. ಕೊರಳಲ್ಲಿ ಯಾವಾಗಲೂ ದುರ್ಬೀನು, ಕಾಲಿಗೆ ಮೊಣಕಾಲುದ್ದದ ಬೂಟು. ತಗ್ಗನ್ನು ನೀರುಹಕ್ಕಿಗಳಿಗಾಗಿ ಜೌಗು ಮಾಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಅಗೆಯುವುದಿಲ್ಲ, ಕಟ್ಟುವುದಿಲ್ಲ, ನೆಡುವುದಿಲ್ಲ. ಪಂಪು ನಿಲ್ಲಿಸಿದರೆ ಸಾಕು. ನೀರು ತಾನೇ ನಿಲ್ಲುತ್ತದೆ, ಜೊಂಡು ತಾನೇ ಬೆಳೆಯುತ್ತದೆ, ಹುಳು ತಾನೇ ಹುಟ್ಟುತ್ತದೆ, ಹಕ್ಕಿ ತಾನೇ ಬರುತ್ತದೆ.

"ಹಾಗಾದ್ರೆ ನನ್ನ ಕೆಲಸ ಏನು ಮೇಡಂ?"

"ಏನೂ ಮಾಡದೇ ಇರೋದು." ಮೇಡಂ ಆದೇಶದ ಕಾಗದವನ್ನು ಅವನ ಕೈಗಿಟ್ಟಳು.

"ಎಷ್ಟು ಹೊತ್ತು?"

"ಇಡೀ ದಿನ."

"ರಾತ್ರಿ ಪಾಳಿ?"

"ರಾತ್ರೀನೂ ಏನೂ ಮಾಡಬೇಡಿ."

"ಭಾನುವಾರ?"

ಮೇಡಂ ಸ್ವಲ್ಪ ಯೋಚಿಸಿದಳು. "ಭಾನುವಾರ ಯಾವಾಗ್ಲೂ ಏನು ಮಾಡ್ತಿದ್ರಿ?"

"ಪಂಪು ನೋಡ್ಕೋತಿದ್ದೆ."

"ಅದನ್ನೂ ಮಾಡಬೇಡಿ."

ಪಂಪನ್ನು ಮಾತ್ರ ಕೂಡಲೇ ಕೀಳಲಾಗಲಿಲ್ಲ. ತಗ್ಗು ಅರಣ್ಯ ಇಲಾಖೆಯದು, ಪಂಪು ನೀರಿನ ಇಲಾಖೆಯದು, ಎರಡರ ನಡುವೆ ಫೈಲು ಈಜುತ್ತಿತ್ತು. ಯಂತ್ರ ಇರುವವರೆಗೆ ಯಂತ್ರದವನೂ ಇರಬೇಕೆಂಬುದು ನಿಯಮ. ಪಂಪು ಹೋದ ದಿನ ಪಂಪಣ್ಣನ ಕೋಣೆಯೂ ಹೋಗುತ್ತದೆ. ಆಮೇಲೆ ಅವನಿಗೆ ಕೇಂದ್ರ ಕಚೇರಿಯ ನೆಲಮಾಳಿಗೆಯಲ್ಲಿ, ಕೆಟ್ಟ ಮೀಟರುಗಳ ರಾಶಿಯ ಪಕ್ಕ ಒಂದು ಕುರ್ಚಿ. ಆ ಕುರ್ಚಿಯನ್ನು ಅವನು ಒಮ್ಮೆ ನೋಡಿ ಬಂದಿದ್ದ. ಬಲ್ಬಿನ ಕೆಳಗೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಕೂತು ನೋಡಿ ಎಂದರೂ ಕೂರದೆ ಬಂದಿದ್ದ.

ಪಂಪು ನಿಂತಿತು. ನಿಂತ ಕೂಡಲೇ ಪಂಪಣ್ಣನಿಗೆ ಇಪ್ಪತ್ತಾರು ವರ್ಷ ಕೇಳಿಸದೆ ಉಳಿದದ್ದೆಲ್ಲ ಒಟ್ಟಿಗೇ ಕೇಳಿಸತೊಡಗಿತು. ಗಡಿಯಾರ ಕೇಳಿಸಿತು. ತಾನು ರೊಟ್ಟಿ ಅಗಿಯುವುದು ಕೇಳಿಸಿತು, ಅದು ಸ್ವಲ್ಪ ಅಸಹ್ಯವಾಗಿತ್ತು. ತಾನು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತೇನೆ ಎಂಬುದೂ ಮೊದಲ ಸಲ ಗೊತ್ತಾಯಿತು. ಆಡುತ್ತಿದ್ದ ಮಾತಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ತಟ್ಟೆಗಳು ಇಟ್ಟಲ್ಲೇ ಇದ್ದವು. ಬೆಳಿಗ್ಗೆ ಎದ್ದು ಅವನ್ನು ಹಿಂದಕ್ಕೆ ತಳ್ಳಲು ಹೋಗಿ, ತಳ್ಳುವುದಕ್ಕೇನೂ ಇಲ್ಲದೆ, ಕೈಚಾಚಿಕೊಂಡು ನಿಂತುಬಿಡುತ್ತಿದ್ದ.

ಬೀದಿಯವರಿಗೂ ನಿದ್ದೆ ಹಾರಿಹೋಯಿತು. ಪಂಪಿನ ಸದ್ದು ಅವರಿಗೆಂದೂ ಕೇಳಿಸಿರಲಿಲ್ಲ, ತಮ್ಮ ಗೊರಕೆ ತಮಗೆ ಹೇಗೆ ಕೇಳಿಸುವುದಿಲ್ಲವೋ ಹಾಗೆ. ಈಗ ಅದು ನಿಂತದ್ದೂ ಅವರಿಗೆ ಗೊತ್ತಾಗಲಿಲ್ಲ. ಒಬ್ಬರು ಸೆಖೆ ಅಂದರು, ಒಬ್ಬರು ಪಿತ್ತ ಅಂದರು. ಪಕ್ಕದ ಮನೆಯ ಟೈಲರಮ್ಮ ಗಂಡನ ಮೇಲೆ ಅನುಮಾನಪಟ್ಟಳು. ಅವನೂ ಎದ್ದೇ ಇದ್ದನಲ್ಲ, ಯಾಕೆ ಎದ್ದಿದ್ದಾನೆ ಎಂದು.

ಭಾನುವಾರ ಫೋನು ಬಂತು.

"ಏನೋ, ಹೇಗಿದ್ದೀಯೋ?" ಎಂದು ಅಕ್ಕ ಅಭ್ಯಾಸದಂತೆ ಕಿರುಚಿದಳು.

"ಮೆತ್ತಗೆ ಹೇಳಕ್ಕ, ಕೇಳಿಸ್ತಿದೆ. ಪಂಪು ನಿಲ್ಸಿಬಿಟ್ರು."

"ಹೌದೇನೋ? ಸದ್ಯ! ಇನ್ನು ನೆಮ್ಮದಿಯಾಗಿ ಮಾತಾಡ್ಬಹುದು."

"ಹೂಂ."

"ಹೂಂ."

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

ಇಬ್ಬರೂ ಕಾದರು. ಆ ಕಡೆ ಅಕ್ಕನ ಮನೆಯ ಫ್ರಿಜ್ಜು ಗುರ್ರೆನ್ನುವುದು ಈ ಕಡೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಷ್ಟು ವರ್ಷ ಗಂಟಲು ಹರಿದುಕೊಂಡದ್ದರ ಕೆಳಗೆ ಇದ್ದ ಮಾತು ಇಷ್ಟೇ ಎಂದು ಇಬ್ಬರಿಗೂ ಏಕಕಾಲಕ್ಕೆ ಹೊಳೆದುಬಿಟ್ಟಿತು. ನಾಚಿಕೆಯಾಯಿತು.

"ಹಾಗಾದ್ರೆ ಈಗ ನಿಂಗೇನೋ ಕೆಲಸ?" ಎಂದಳು ಅಕ್ಕ ಕೊನೆಗೆ.

ಏನೂ ಇಲ್ಲ ಎಂದರೆ ಮರ್ಯಾದೆ ಏನಾಗಬೇಕು? "ನಾನಾ? ನಾನೀಗ ಜೌಗು ಮಾಡ್ತಿದೀನಿ," ಎಂದ ಪಂಪಣ್ಣ. "ನೀರುಹಕ್ಕಿಗಳಿಗೆ. ನಿಸರ್ಗದ ವಿಧಾನದಿಂದ. ತುಂಬಾ ಎಚ್ಚರ ಬೇಕು. ಸ್ವಲ್ಪ ಏನಾದ್ರೂ ಮಾಡಿಬಿಟ್ರೆ ಎಲ್ಲಾ ಕೆಟ್ಟುಹೋಗುತ್ತೆ."

ಅಕ್ಕ ಅದನ್ನು ಮೂರು ಮಹಡಿಗೂ ಹೇಳಿದಳು. ಮರುದಿನವೇ ಅವಳ ನಾದಿನಿಯ ಮಗ ಫೋನು ಮಾಡಿದ. "ಮಾವ, ನಿಮ್ಮಲ್ಲಿ ಏನೂ ಮಾಡದೇ ಇರೋ ಕೆಲಸ ಇದ್ಯಂತೆ. ಇನ್ನೊಂದು ಖಾಲಿ ಇದ್ರೆ ನನ್ನನ್ನ ನೆನಪಿಟ್ಕೊಳಿ."

"ಅನುಭವ ಇದ್ಯೇನಪ್ಪಾ?"

"ಬೇಕಾದಷ್ಟಿದೆ ಮಾವ. ಅಪ್ಪನ್ನ ಬೇಕಾದ್ರೆ ಕೇಳಿ."

ಆದರೆ ಮುಂದಿನ ಭಾನುವಾರ ಅಕ್ಕನ ಫೋನು 'ಊಟ ಆಯ್ತಾ'ಗೇ ಮುಗಿಯಿತು. ಅದರ ಮುಂದಿನ ಭಾನುವಾರ ಬರಲೇ ಇಲ್ಲ. ಪಂಪಣ್ಣ ಫೋನನ್ನು ಎದುರಿಗಿಟ್ಟುಕೊಂಡು ಕತ್ತಲಾಗುವವರೆಗೂ ಕೂತಿದ್ದ. ತಗ್ಗಿನಲ್ಲಿ ನೀರು ಒಂದೇ ಸಮನೆ ತುಂಬಿ ನಿಂತಿತ್ತು. ಅದರ ಮೇಲೂ ಯಾರೂ ಇರಲಿಲ್ಲ. ನಾಲ್ಕಾರು ಹಕ್ಕಿಗಳು ಮೇಲಿಂದಲೇ ಒಂದು ಸುತ್ತು ನೋಡಿ, ಕಾಲೂರಲು ಜಾಗ ಕಾಣದೆ, ಬಾಡಿಗೆ ಮನೆ ನೋಡಲು ಬಂದವರಂತೆ ಹೊರಟುಹೋಗಿದ್ದವು.

ಮರುದಿನ ಸಂಜೆ ಪಂಪಣ್ಣ ಪಂಪಿನ ಕೋಣೆಗೆ ಹೋದ. ಕರೆಂಟು ಇನ್ನೂ ಇತ್ತು, ಅದರ ಫೈಲು ಬೇರೆ. "ಐದೇ ನಿಮಿಷ," ಎಂದು ಯಾರಿಗೋ ಹೇಳಿದ. ಸ್ವಿಚ್ಚು ಎಳೆದ. ಪಂಪು ಒಮ್ಮೆ ಕೆಮ್ಮಿ ಡುಗುಡುಗು ಎಂದಿತು. ಅವನು ಗೋಡೆಗೆ ಬೆನ್ನು ಕೊಟ್ಟು ಕೂತು ಅಕ್ಕನಿಗೆ ತಾನೇ ಫೋನು ಮಾಡಿದ.

"ಯಾರು? ಏನು?" ಎಂದಳು ಅಕ್ಕ.

"ನಾನು ಕಣಕ್ಕಾ!"

"ಏನೂ ಕೇಳಿಸ್ತಿಲ್ವಲ್ಲೋ!" ಅವಳ ದನಿ ಹಿಗ್ಗಿ ಹೀರೆಕಾಯಿಯಾಗಿತ್ತು. "ಜೋರಾಗಿ ಹೇಳೋ!"

ಒಂದು ಗಂಟೆ ಮಾತಾಡಿದರು. ಏನು ಮಾತಾಡಿದರೆಂದು ಇಬ್ಬರಿಗೂ ಪೂರ್ತಿ ತಿಳಿಯದ್ದರಿಂದ ಮರುದಿನ ಮತ್ತೆ ಮಾತಾಡಬೇಕಾಯಿತು. ಅದು ಮುಗಿಯದ್ದರಿಂದ ಅದರ ಮರುದಿನ. ಹೀಗೆ ದಿನಾ ಸಂಜೆ, ಕಚೇರಿಗಳೆಲ್ಲ ಬಾಗಿಲು ಹಾಕಿದ ಮೇಲೆ, ಪಂಪು ಓಡತೊಡಗಿತು. ಆ ಹೊತ್ತಿಗೆ ಯಾವ ಇಲಾಖೆಯವರೂ ಜೌಗಿನ ಹತ್ತಿರ ಸುಳಿಯುವ ಭಯವಿರಲಿಲ್ಲ. ಬೀದಿಗಂತೂ ಪಂಪು ಕೇಳಿಸುವುದೇ ಇಲ್ಲ. ದೀಪ ಹಚ್ಚುವ ಹೊತ್ತಿಗೇ ಬೀದಿಯವರೆಲ್ಲ ಸಾಲಾಗಿ ಆಕಳಿಸತೊಡಗಿದರು. ಟೈಲರಮ್ಮ ಗಂಡನನ್ನು ಕ್ಷಮಿಸಿ ಹೊಲಿಗೆ ಯಂತ್ರದ ಮೇಲೇ ತಲೆಯಿಟ್ಟು ಮಲಗಿದಳು. ಜೌಗಿನ ಗಾಳಿಯ ಗುಣ ಎಂದು ಎಲ್ಲರೂ ಒಪ್ಪಿಕೊಂಡರು.

ಇನ್ನೊಂದು ಸಂಗತಿ ನಡೆಯಿತು. ಅದನ್ನು ಪಂಪಣ್ಣ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಗ್ಗಿನ ಅಂಚು ಮಟ್ಟಸವಾದ ನೆಲ. ಪಂಪು ಒಂದು ಗಂಟೆ ಓಡಿ ನೀರು ಬೆರಳಷ್ಟು ಇಳಿದರೂ ಕೆಸರಿನ ಅಗಲವಾದ ಪಟ್ಟಿ ಹೊರಗೆ ಬರುತ್ತಿತ್ತು. ಕೆಸರಿನಲ್ಲಿ ಹುಳುಗಳು. ರಾತ್ರಿಯೆಲ್ಲ ಕಾಲುವೆಯ ನೀರು ಜಿನುಗಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಮತ್ತೆ ತುಂಬುತ್ತಿತ್ತು. ಮೊದಲು ಒಂದು ಬೆಳ್ಳಕ್ಕಿ ಬಂತು. ಆಮೇಲೆ ಉದ್ದ ಕೊಕ್ಕಿನ ಉಲ್ಲಂಕಿಗಳು ಗುಂಪಾಗಿ ಇಳಿದವು. ಕೆಂಪು ಕಡ್ಡಿಗಳ ಮೇಲೆ ನಿಂತಂಥ ಮೆಟ್ಟುಗಾಲು ಹಕ್ಕಿಗಳು ಬಂದವು. ದೂರದ ದೇಶಗಳಿಂದ ಬಂದವೂ ಇದ್ದವಂತೆ.

ಪಂಪಣ್ಣನಿಗೆ ಇದರಿಂದ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ತಾನು ಕದ್ದು ಪಂಪು ಹಾಕಿ ಜೌಗು ಕೆಡಿಸುತ್ತಿದ್ದೇನೆ, ಈ ಪುಣ್ಯಾತ್ಮ ಹಕ್ಕಿಗಳು ಹೇಗೋ ಅದನ್ನು ಸಹಿಸಿಕೊಂಡು ಬರುತ್ತಿವೆ ಎಂದೇ ಅವನು ತಿಳಿದಿದ್ದ.

ಹಕ್ಕಿ ಮೇಡಂ ಬೆಳಿಗ್ಗೆ ಬಂದು ನೋಡಿ ಬೂಟು ಸಮೇತ ಕುಣಿದಳು. ನೀರಿನಲ್ಲಿ ನೆಟ್ಟಿದ್ದ ಅಳತೆಯ ಕೋಲು ನೋಡಿದಳು. ನೀರಿಗಿಂತ ಮೇಲೆ ಒಂದು ಒದ್ದೆ ಗೆರೆ.

"ನೀರು ಇಳೀತಾ ಇದೆ, ಏರ್ತಾ ಇದೆ. ಪಂಪಣ್ಣಾ, ಈ ಜೌಗು ಉಸಿರಾಡ್ತಿದೆ!" ಎಂದಳು. "ನೀವೇನಾದ್ರೂ ಗಮನಿಸಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ನಾನು ಏನೂ ಮಾಡಿಲ್ಲ ಮೇಡಂ!" ಎಂದ ಪಂಪಣ್ಣ.

"ಗೊತ್ತು ಪಂಪಣ್ಣ. ಅದೇ ನಿಮ್ಮ ದೊಡ್ಡ ಗುಣ. ಬೇರೆ ಜೌಗುಗಳಲ್ಲಿ ನಿಮ್ಮಂಥೋರು ಸಿಗ್ತಾನೇ ಇಲ್ಲ. ಒಬ್ರು ಬೆಂಚು ಹಾಕಿಸ್ತಾರೆ, ಇನ್ನೊಬ್ರು ಕಾರಂಜಿ ಇಡ್ತಾರೆ. ನಿಮ್ಮಷ್ಟು ಶ್ರದ್ಧೆಯಿಂದ ಏನೂ ಮಾಡದೇ ಇರೋರು ಯಾರೂ ಇಲ್ಲ."

ಸುದ್ದಿ ಹರಡಿತು. ಬೆಳಗಿನ ಹೊತ್ತು ಜನ ಬಂದರು, ಹಕ್ಕಿ ನೋಡಿದರು, ಪಂಪಣ್ಣನನ್ನೂ ನೋಡಿದರು. ಟೈಲರಮ್ಮ ಟೀ ತಂದುಕೊಟ್ಟು, "ಏನೂ ಮಾಡದೆ ಇಷ್ಟೆಲ್ಲ ಮಾಡಿದ್ರಲ್ಲ. ನಮ್ಮ ಮಾವ ಮೂವತ್ತು ವರ್ಷದಿಂದ ಏನೂ ಮಾಡಿಲ್ಲ, ಒಂದು ಕಾಗೆ ಬಂದಿಲ್ಲ," ಎಂದಳು. ಪಂಪಣ್ಣ ಎರಡು ಕುರ್ಚಿ ಒರೆಸಿ ಹೊರಗಿಟ್ಟ. "ಕೂತ್ಕೊಳಿ, ಆಮೇಲೆ ಹೋಗೋರಂತೆ," ಎನ್ನುತ್ತಿದ್ದ. "ಇನ್ನೊಮ್ಮೆ ಬರ್ತೀವಿ, ಕೆಲಸ ಇದೆ," ಎನ್ನುತ್ತಿದ್ದರು. ಕೆಲಸವಿಲ್ಲದವರು ಲೋಕದಲ್ಲಿ ಇಷ್ಟು ಕಡಿಮೆ ಇದ್ದಾರೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಸಂಜೆ ಕುರ್ಚಿಗಳನ್ನು ಒಳಗಿಟ್ಟು ಪಂಪು ಹಾಕುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಯಶಸ್ಸು ಕಂಡಲ್ಲಿ ದೊಡ್ಡ ಸಾಹೇಬರು ಬಾರದೆ ಇರುವುದುಂಟೇ? ಮೇಡಂಗೂ ಮೇಲಿನವರಿಗೂ ಮೇಲಿನವರು ಅವರು. ಮನುಷ್ಯನ ಕೈ ಸೋಕದೆ ಮೂಡಿದ ಜೌಗು ಎಂದು ವರದಿ ಬರೆಸಿ ಇನ್ನೂ ಮೇಲಕ್ಕೆ ಕಳಿಸಿದ್ದರು. ಈಗ ಒಂದು ಸಮಾರಂಭವಾಗಬೇಕು. ಸಮಾರಂಭಕ್ಕೆ ಏನನ್ನಾದರೂ ಉದ್ಘಾಟಿಸಬೇಕು. ಇಲ್ಲಿ ಏನೂ ಕಟ್ಟಿಲ್ಲವಾದ್ದರಿಂದ ಏನನ್ನಾದರೂ ಕಿತ್ತುಹಾಕಬಹುದು. ಹೀಗೆ ಪಂಪಿನ ಫೈಲು ಒಂದೇ ವಾರದಲ್ಲಿ ದಡ ಸೇರಿತು. ಎಲ್ಲರ ಸಮ್ಮುಖದಲ್ಲಿ ಕ್ರೇನು ಪಂಪನ್ನು ಎತ್ತಿ ಲಾರಿಗೆ ಹಾಕುವುದು, ಪ್ರಕೃತಿ ಸಂಪೂರ್ಣ ಸ್ವತಂತ್ರವಾದದ್ದನ್ನು ಸಾಹೇಬರು ಘೋಷಿಸುವುದು.

ಸಮಾರಂಭ ಮಧ್ಯಾಹ್ನಕ್ಕೆ ಇತ್ತು. ಸಾಹೇಬರು ದೊಡ್ಡವರಾದ್ದರಿಂದ ಸಂಜೆಗೆ ಬಂದರು. ಪಂಪಣ್ಣ ಬೆಳಿಗ್ಗೆಯೇ ಬಟ್ಟೆ ಗಂಟುಕಟ್ಟಿ, ತಟ್ಟೆಗಳನ್ನು ಪೇಪರಿನಲ್ಲಿ ಸುತ್ತಿ, ಪಂಪಿಗೆ ಕೊನೆಯ ಸಲ ಎಣ್ಣೆ ಹಾಕಿ ಒರೆಸಿ, ಹಿಂದಿನ ಸಾಲಿನಲ್ಲಿ ನಿಂತಿದ್ದ. ನಿಜ ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಯಾರೋ ಚಪ್ಪಾಳೆ ತಟ್ಟಿದರು.

"ಬಂಧುಗಳೇ," ಎಂದರು ಸಾಹೇಬರು, "ಇಲ್ಲಿ ಮನುಷ್ಯನ ಕೈವಾಡ ಒಂದಿಷ್ಟೂ ಇಲ್ಲ. ಈ ಪರಮ ಶಾಂತಿಯನ್ನು ಒಂದು ನಿಮಿಷ ಆಲಿಸೋಣ."

ಎಲ್ಲರೂ ಆಲಿಸಿದರು. ಆ ಪರಮ ಶಾಂತಿಯಲ್ಲಿ ಪಂಪಣ್ಣನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಆರಿಸಲು ಹೋಗಿ ಗಡಿಬಿಡಿಯಲ್ಲಿ ಎತ್ತಿಬಿಟ್ಟ. ಪಂಪಿನ ಸದ್ದನ್ನು ಸೀಳಿ ಪಳಗಿದ ಅಕ್ಕನ ದನಿ ಶಾಮಿಯಾನದ ಈ ತುದಿಯಿಂದ ಆ ತುದಿಗೆ ಹೋಯಿತು.

"ಏನೋ, ಇವತ್ತು ಸದ್ದೇ ಇಲ್ವಲ್ಲ! ಪಂಪು ಹಾಕಿಲ್ವೇನೋ? ದಿನಾ ಇಷ್ಟೊತ್ತಿಗೆ ಹಾಕಿರ್ತಿದ್ದೆ!"

ಯಾರೂ ಉಸಿರಾಡಲಿಲ್ಲ. ಜೌಗೂ ಉಸಿರಾಡಲಿಲ್ಲ.

"ದಿನಾ?" ಎಂದರು ಸಾಹೇಬರು.

"ದಿನಾ ಸಾರ್," ಎಂದ ಪಂಪಣ್ಣ.

"ಯಾಕೆ?"

"ಅಕ್ಕನ ಹತ್ರ ಮಾತಾಡೋಕೆ ಸಾರ್."

"ಪಂಪು ಹಾಕಿದ್ರೆ ಮಾತು ಕೇಳಿಸಲ್ವಲ್ರೀ!"

"ಅದಕ್ಕೇ ಸಾರ್."

ಸಾಹೇಬರ ಮುಖ ಕೆಂಪಾಯಿತು. ಅಷ್ಟರಲ್ಲಿ ಹಕ್ಕಿ ಮೇಡಂ ದುರ್ಬೀನು ಕಣ್ಣಿಗೇರಿಸಿ, "ಸಾರ್, ಅಲ್ನೋಡಿ," ಎಂದಳು. ನೀರಿನ ಅಂಚಿಗೆ ಹಕ್ಕಿಗಳು ಸಾಲಾಗಿ ನಿಂತಿದ್ದವು. ಒಂದೂ ಮೇಯುತ್ತಿರಲಿಲ್ಲ. ಎಲ್ಲವೂ ಕತ್ತು ತಿರುಗಿಸಿ ಪಂಪಿನ ಕೋಣೆಯನ್ನೇ ನೋಡುತ್ತಿದ್ದವು.

"ಯಾಕೆ ಹೀಗೆ ನಿಂತಿವೆ ಪಂಪಣ್ಣ?"

"ಹೊತ್ತಾಯ್ತು ಅಂತ ಇರ್ಬೇಕು ಮೇಡಂ."

"ಹೋಗಿ ಹಾಕಿ."

"ಹಾಕಲಾ?"

"ಹಾಕಿ ಅಂದ್ನಲ್ಲ!"

ಪಂಪಣ್ಣ ಓಡಿಹೋಗಿ ಸ್ವಿಚ್ಚು ಎಳೆದ. ಪಂಪು ಕೆಮ್ಮಿತು, ಡುಗುಡುಗು ಎಂದಿತು. ಜೊಂಡಿನ ಹಿಂದಿನಿಂದ, ಏರಿಯ ಆಚೆಯಿಂದ, ಎಲ್ಲಿದ್ದವೋ ಏನೋ, ಊಟದ ಗಂಟೆ ಹೊಡೆದ ಹಾಗೆ ಹಕ್ಕಿಗಳು ಬಂದವು, ಬಂದವು, ಬರುತ್ತಲೇ ಇದ್ದವು. ನೀರು ಮೆಲ್ಲನೆ ಹಿಂದೆ ಸರಿಯಿತು. ಕೆಸರಿನ ಮೇಲೆ ನೂರಾರು ಕೊಕ್ಕುಗಳು ಒಟ್ಟಿಗೆ ಬಾಗಿದವು. ಶಾಮಿಯಾನದಲ್ಲಿ ಬೀದಿಯವರು ಒಬ್ಬೊಬ್ಬರಾಗಿ ಆಕಳಿಸಿದರು.

"ಇದನ್ನ ಕಿತ್ರೆ ಹಕ್ಕಿ ಹೋಗ್ತವೆ ಸಾರ್," ಎಂದಳು ಮೇಡಂ ಸಣ್ಣ ದನಿಯಲ್ಲಿ.

"ಕೀಳದಿದ್ರೆ ನನ್ನ ವರದಿ ಹೋಗುತ್ತಲ್ರೀ! ಮನುಷ್ಯನ ಕೈ ಸೋಕಿಲ್ಲ ಅಂತ ಬರ್ಕೊಟ್ಟಿದೀನಿ!"

ಆಗ ಸಾಹೇಬರ ಗುಮಾಸ್ತ ಮುಂದೆ ಬಂದ. ಸಣಕಲು ಮನುಷ್ಯ, ನಿವೃತ್ತಿಗೆ ಹತ್ತಿರವಾದವನು, ಸಾಹೇಬರುಗಳನ್ನು ಇಂಥ ಹೊಂಡಗಳಿಂದ ಎತ್ತುವುದರಲ್ಲೇ ಆಯುಸ್ಸು ಸವೆಸಿದವನು.

"ಅಪ್ಪಣೆಯಾದ್ರೆ ಒಂದು ಮಾತು ಸಾರ್. ಮನುಷ್ಯ ಅಂದ್ರೆ ಯಾರು? ಆದೇಶ ಬಂದ ಮೇಲೆ, ಯಾವುದೋ ಉದ್ದೇಶ ಇಟ್ಕೊಂಡು, ತಿಳಿದು ಕೆಲಸ ಮಾಡೋನು. ಈ ಪಂಪಣ್ಣ ನೋಡಿ. ಪಂಪು ಹಾಕೋಕೆ ಆದೇಶ ಇಲ್ಲ. ಉದ್ದೇಶ ಇಲ್ಲ. ಏನು ಮಾಡ್ತಿದೀನಿ ಅನ್ನೋ ತಿಳುವಳಿಕೆಯಂತೂ ಮೊದಲೇ ಇಲ್ಲ. ಹೊತ್ತಿಗೆ ಸರಿಯಾಗಿ ತನ್ನಷ್ಟಕ್ಕೆ ತಾನು ನಡ್ಕೊಂಡು ಹೋಗಿದೆ. ಇದಕ್ಕೇ ಅಲ್ವಾ ಸಾರ್ ಪ್ರಕೃತಿ ಅನ್ನೋದು?"

ಸಾಹೇಬರು ಬಹಳ ಹೊತ್ತು ಪಂಪಣ್ಣನನ್ನು ನೋಡಿದರು. ಪಂಪಣ್ಣ ನಿಜವಾಗಿಯೂ ಹಾಗೇ ಕಾಣುತ್ತಿದ್ದ. "ಬರ್ಕೊಳ್ರೀ," ಎಂದರು ಸಾಹೇಬರು. ಲಾರಿ ಖಾಲಿಯಾಗಿ ಹಿಂದಿರುಗಿತು.

ಪಂಪು ಉಳಿಯಿತು, ಕೋಣೆ ಉಳಿಯಿತು. ನೆಲಮಾಳಿಗೆಯ ಕುರ್ಚಿ ತಪ್ಪಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡ ಪಂಪಣ್ಣ. ಅವನ ಸಂಬಳ 'ಮಳೆ, ಗಾಳಿ ಮತ್ತು ಇತರೆ' ಎಂಬ ಲೆಕ್ಕಕ್ಕೆ ಹೋಯಿತು. ದಿನಾ ಸಂಜೆ ಪಂಪು ಹಾಕಬೇಕು. ಆದರೆ ಹಾಕಬೇಕೆಂದು ಯಾರೂ ಅವನಿಗೆ ಹೇಳುವಂತಿಲ್ಲ, ಹೇಳಿದರೆ ಅದು ಮನುಷ್ಯನ ಕೆಲಸವಾಗುತ್ತದೆ.

ಆಮೇಲೆ ಬೇಲಿ ಬಂತು. ಪ್ರಕೃತಿಗೆ ಜನರ ಕಾಟ ಆಗಬಾರದೆಂದು ತಗ್ಗಿನ ಸುತ್ತ, ಪಂಪಣ್ಣನ ಕೋಣೆಯನ್ನೂ ಒಳಗೆ ಸೇರಿಸಿ, ಎತ್ತರದ ತಂತಿಬಲೆ ಹಾಕಿದರು. ಗೇಟಿಗೆ ಒಬ್ಬ ಕಾವಲಿನವನು. 'ಮನುಷ್ಯರಿಗೆ ಪ್ರವೇಶವಿಲ್ಲ' ಎಂಬ ಬೋರ್ಡು. ಟೈಲರಮ್ಮ ಟೀ ತಂದಾಗ ಕಾವಲಿನವನು, "ಒಳಗಿರೋದಕ್ಕೆ ತಿನ್ನೋಕೆ ಕೊಡಬಾರದಮ್ಮ, ಅಭ್ಯಾಸ ಆಗುತ್ತೆ," ಎಂದು ವಾಪಸು ಕಳಿಸಿದ. ಗುರುವಾರ ಮಾತ್ರ ಗೇಟು ತೆಗೆದು ಪಂಪಣ್ಣನನ್ನು ಅಂಗಡಿಗೆ ಬಿಡುತ್ತಿದ್ದರು. ಅದನ್ನು ಕಾವಲಿನವನು 'ವಲಸೆ' ಎಂದು ಬರೆದುಕೊಳ್ಳುತ್ತಿದ್ದ. ಬೆಳಗಿನ ಹೊತ್ತು ಬೀದಿಯವರು ಬೇಲಿಯಾಚೆ ನಿಂತು ಹಕ್ಕಿ ನೋಡುತ್ತಿದ್ದರು. ಪಂಪಣ್ಣ ಕೈಯಾಡಿಸಿದರೆ, "ನೋಡಿ ನೋಡಿ, ಅದೂ ಹೊರಗೆ ಬಂತು," ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ಎರಡು ಕುರ್ಚಿಗಳು ಒಳಗೇ ಉಳಿದವು. ಅವನಿಗೆ ಬಹಳ ಬೇಜಾರಾಗುತ್ತಿತ್ತು. ಆದರೆ ದೂರು ಕೊಡುವ ಹಕ್ಕು ಮನುಷ್ಯರಿಗೆ ಮಾತ್ರ ಇರುವುದು.

ಪತ್ರಿಕೆಯಲ್ಲಿ ಸುದ್ದಿಯೂ ಬಂತು: 'ಪಂಪು ನೌಕರ ಇನ್ನು ಪ್ರಕೃತಿಯ ಭಾಗ.' ಅದನ್ನು ಓದಿದ ನೆಂಟರು ಅಕ್ಕನ ಮನೆಗೆ ಸಮಾಧಾನ ಹೇಳಲು ಬಂದರು.

"ಹೇಗಾಯ್ತಮ್ಮ? ಕಾಯಿಲೆ ಏನಾದ್ರೂ ಇತ್ತಾ?"

"ಏನಾಗಿದೆ ಅವನಿಗೆ! ಗುಂಡುಕಲ್ಲಿನ ಹಾಗಿದ್ದಾನೆ. ನಿನ್ನೆ ಸಂಜೆ ಫೋನಲ್ಲಿ ಮಾತಾಡಿದೆ!" ಎಂದಳು ಅಕ್ಕ.

"ಏನಂದ?"

"ಏನೂ ಕೇಳಿಸ್ಲಿಲ್ಲ," ಎಂದಳು.

ನೆಂಟರು ಒಬ್ಬರನ್ನೊಬ್ಬರು ನೋಡಿಕೊಂಡು ತಲೆಯಾಡಿಸಿದರು. ಅಕ್ಕನಿಗೂ ಅನುಮಾನ ಹತ್ತಿತು. ಭಾನುವಾರ, ಮಂಡಿನೋವನ್ನೂ ಲೆಕ್ಕಿಸದೆ, ಬಸ್ಸು ಹತ್ತಿದಳು.

ಅವಳು ಗೇಟಿಗೆ ಬಂದಾಗ ಸಂಜೆಯಾಗಿತ್ತು. ಒಳಗೆ ಪಂಪು ಓಡುತ್ತಿತ್ತು.

"ಯಾರೂ ಒಳಗೆ ಹೋಗಂಗಿಲ್ಲಮ್ಮ," ಎಂದ ಕಾವಲಿನವನು.

"ನನ್ನ ತಮ್ಮ ಒಳಗಿದ್ದಾನಲ್ಲಪ್ಪಾ!"

"ಅವರು ಮನುಷ್ಯರಲ್ಲ, ಪ್ರಕೃತಿ."

"ಅವನು ಪ್ರಕೃತಿ ಆದ್ರೆ ಒಡಹುಟ್ಟಿದ ಅಕ್ಕ ನಾನೇನು?"

ಕಾವಲಿನವನು ಬೋರ್ಡು ನೋಡಿದ, ಅಕ್ಕನನ್ನು ನೋಡಿದ. "ಅದರ ಬಗ್ಗೆ ಇನ್ನೂ ಆದೇಶ ಬಂದಿಲ್ಲಮ್ಮ," ಎಂದ. ಅವಳು ತಂತಿಯನ್ನು ಹಿಡಿದುಕೊಂಡು ನಿಂತಳು. ಗೇಟಿನ ಕೀಲಿ ಗುರುವಾರದವರೆಗೆ ಮೇಡಂ ಹತ್ತಿರ.

ಪಂಪಣ್ಣ ಬಾಗಿಲಿಗೆ ಬಂದು ನೋಡಿದ. ಬೇಲಿಯಾಚೆ ಯಾರೋ ಮುದುಕಿ ಎಂದುಕೊಂಡ. ಗುರುತು ಹತ್ತಿದ ಕೂಡಲೇ ಒಳಗೋಡಿ ಪಂಪು ಆರಿಸಿ, ಕೆಸರು ತುಳಿದುಕೊಂಡು ಬೇಲಿಯವರೆಗೆ ಓಡಿಬಂದ. ಹಕ್ಕಿಗಳು ತಲೆಯೆತ್ತಿ ಅವನತ್ತ ನೋಡಿದವು.

"ಬಂದ್ಯಾ?" ಎಂದ ಏದುಸಿರು ಬಿಡುತ್ತಾ.

"ಬಂದೆ," ಎಂದಳು ಅಕ್ಕ.

"ಸಣ್ಣಗಾಗಿದ್ದೀಯ."

"ನೀನೂ."

ತಂತಿಬಲೆಯ ಆಚೆ ಒಬ್ಬಳು, ಈಚೆ ಒಬ್ಬ. ಇಬ್ಬರೂ ಏನೋ ಹೇಳಬೇಕೆಂದು ಬಾಯಿ ತೆರೆದು, ಆ ನಿಶ್ಶಬ್ದ ಕಂಡು, ಮುಚ್ಚಿದರು. ಅಕ್ಕ ತನ್ನ ಚಪ್ಪಲಿ ನೋಡಿಕೊಂಡಳು. ಪಂಪಣ್ಣ ಕೆಸರಾದ ತನ್ನ ಕಾಲು ನೋಡಿಕೊಂಡ. ಕಾವಲಿನವನು ಮುಜುಗರದಿಂದ ಬೇರೆ ಕಡೆ ತಿರುಗಿದ.

"ಬಸ್ಸಲ್ಲಿ ಸೀಟು ಸಿಗ್ತಾ?"

"ಸಿಗ್ತು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ಚಿಕ್ಕವನಿದ್ದಾಗ ಗದರುತ್ತಿದ್ದ ದನಿಯಲ್ಲಿ, "ಹೋಗೋ, ಹೋಗಿ ಅದನ್ನ ಹಾಕು ಮೊದ್ಲು," ಎಂದಳು.

ಪಂಪಣ್ಣ ಓಡಿದ. ಪಂಪು ಕೆಮ್ಮಿ ಡುಗುಡುಗು ಎಂದಿತು. ಹಕ್ಕಿಗಳು ಮತ್ತೆ ಊಟಕ್ಕೆ ಬಾಗಿದವು. ಅವನು ಪಂಪಿನ ಕೋಣೆಯ ಬಾಗಿಲಲ್ಲಿ ನಿಂತು ಅಕ್ಕನತ್ತ ನೋಡಿದ. ಅಕ್ಕ ಎರಡೂ ಕೈಗಳಿಂದ ತಂತಿ ಹಿಡಿದು, ಇದ್ದ ಬದ್ದ ಉಸಿರೆಲ್ಲ ಕೂಡಿಸಿ ಕೂಗಿದಳು.

"ಒಬ್ಬಳೇ ಇರೋಕಾಗ್ತಿಲ್ಲ ಕಣೋ!"

ಅದು ಕೇಳಿಸಿದ್ದು ಪಕ್ಕದಲ್ಲಿದ್ದ ಕಾವಲಿನವನೊಬ್ಬನಿಗೇ.

"ಏನು?" ಎಂದು ಪಂಪಣ್ಣ ಕಿವಿಗೆ ಕೈಯಿಟ್ಟು ಕೂಗಿದ.

"ಏನಿಲ್ಲ! ಊಟ ಆಯ್ತಾ ಅಂದೆ!"

ಪಂಪಣ್ಣನೂ ಏನೋ ಕೂಗಿದ. ಅವನ ಕತ್ತಿನ ನರ ಉಬ್ಬಿದ್ದು ಗೇಟಿನವರೆಗೂ ಕಾಣುತ್ತಿತ್ತು.

"ಏನೋ ಅದು?" ಎಂದಳು ಅಕ್ಕ.

"ಏನಿಲ್ಲಕ್ಕಾ! ಬಸ್ಸು ಎಷ್ಟೊತ್ತಿಗೆ ಅಂದೆ!"

ಮೊದಲು ಅವನು ಏನಂದನೆಂಬುದನ್ನು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಇದ್ದದ್ದು ಹಕ್ಕಿಗಳು ಮಾತ್ರ. ಅವು ತಲೆ ತಗ್ಗಿಸಿ ಊಟ ಮಾಡುತ್ತಿದ್ದವು.